ಪುಣೆಯಲ್ಲಿ ಹಳೆಯ ಪರ್ಫಾರ್ಮೆನ್ಸ್ ಸೆಡಾನ್ ಕೊಳ್ಳುವ ಕನ್ನಡಿಗರಿಗೆ

ಹಿಂಜವಡಿಯ ಕಚೇರಿಗೆ ದಿನವೂ ಹೋಗಿಬರುತ್ತ, ತಿಂಗಳೆರಡು ತಿಂಗಳಿಗೊಮ್ಮೆ ಬೆಳಗಾವಿ, ಹುಬ್ಬಳ್ಳಿಗಳ ಕಡೆಗೆ ಹೊರಡುವ ಕನ್ನಡಿಗರು ಪುಣೆಯಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರಿಗಾದರೂ ಹೊಸ ಎಸ್‌ಯುವಿಗೆ ತೆರುವ ಹಣದಲ್ಲಿ ಐದಾರು ವರ್ಷ ಹಳೆಯ, ಆದರೆ ನಿಜವಾಗಿಯೂ ಓಡಬಲ್ಲ ಒಂದು ಸೆಡಾನ್ ಸಿಗುತ್ತದಲ್ಲ ಎಂಬ ಯೋಚನೆ ಬಂದೇ ಬರುತ್ತದೆ. ಈ ಯೋಚನೆ ತಪ್ಪಲ್ಲ. ನಾನೂ ಹಾಗೆಯೇ ಬದಲಾಯಿಸಿದವನು, ಆ ಗಾಡಿಯಲ್ಲೇ ದಿನವೂ ಓಡಾಡುತ್ತೇನೆ. ಆದರೆ ಇಂಥ ಗಾಡಿ ಹುಡುಕುವಾಗ ನಮ್ಮವರು ಎಂಜಿನ್ನಿನ ಬಗ್ಗೆ ಹತ್ತು ಪ್ರಶ್ನೆ ಕೇಳಿ, ಅದು ಯಾವ ಆರ್‌ಟಿಒದಲ್ಲಿ ನೋಂದಣಿಯಾಗಿದೆ ಎಂಬುದನ್ನು ಕೊನೆಗೆ ಕೇಳುತ್ತಾರೆ. ನನ್ನ ಅನುಭವದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಇಲ್ಲಿಯವರು ಅದನ್ನು ‘ಪಾಸಿಂಗ್’ ಎನ್ನುತ್ತಾರೆ. ‘ಬಾರಾ ಪಾಸಿಂಗ್’ ಎಂದರೆ ಎಂಎಚ್-12, ಅಂದರೆ ಪುಣೆ ಆರ್‌ಟಿಒ. ‘ಚೌದಾ’ ಎಂದರೆ ಎಂಎಚ್-14, ಪಿಂಪ್ರಿ-ಚಿಂಚವಡ. ಕೋಥ್ರೂಡ್, ಬಾಣೇರ್‌ಗಳಲ್ಲಿ ಮನೆಯಿದ್ದರೆ ನೀವು ಹನ್ನೆರಡರ ವ್ಯಾಪ್ತಿಯವರು. ವಾಕಡ್, ಹಿಂಜವಡಿ, ಪಿಂಪಳೆ ಸೌದಾಗರ್ ಕಡೆಯವರಾದರೆ ಹದಿನಾಲ್ಕರವರು. ಮುಂಬಯಿಯಲ್ಲಿ ತಾಡದೇವದ್ದು 01, ಅಂಧೇರಿಯದ್ದು 02, ವಡಾಳಾದ್ದು 03, ಬೋರಿವಲಿಯದ್ದು 47; ಠಾಣೆಗೆ 04, ವಾಶಿಗೆ 43. ಮಹಾರಾಷ್ಟ್ರದೊಳಗಿನ ಯಾವುದೇ ಸಂಖ್ಯೆಯ ಖಾಸಗಿ ಗಾಡಿಯನ್ನು ಕೊಂಡರೂ ಅದರ ಒಂದು ಬಾರಿಯ ತೆರಿಗೆ ಈ ರಾಜ್ಯಕ್ಕೆ ಸಂದಾಯವಾಗಿರುತ್ತದೆ, ಸಂಖ್ಯೆಯೂ ಬದಲಾಗುವುದಿಲ್ಲ. ಹೊರರಾಜ್ಯದ ಗಾಡಿಯಾದರೆ ಈ ಎರಡೂ ನಿಮ್ಮ ತಲೆಗೆ ಬರುತ್ತವೆ.

ತೆರಿಗೆಯ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಊರಿನಿಂದ ಅಣ್ಣನದೋ ಸ್ನೇಹಿತನದೋ ಕೆಎ ಗಾಡಿಯನ್ನು ಕೊಂಡುತರುವ ಆಸೆ ಮುರಿಯುವುದು ಇಲ್ಲಿಯೇ. ಮಹಾರಾಷ್ಟ್ರದಲ್ಲಿ ವ್ಯಕ್ತಿಯ ಹೆಸರಿನ ಪೆಟ್ರೋಲ್ ಕಾರಿಗೆ ಬೆಲೆ 10 ಲಕ್ಷದವರೆಗೆ ಇದ್ದರೆ ಶೇ. 11, 10ರಿಂದ 20 ಲಕ್ಷಕ್ಕೆ ಶೇ. 12, ಅದಕ್ಕೂ ಮೇಲೆ ಶೇ. 13 ತೆರಿಗೆ, ಡೀಸೆಲ್ಲಿಗೆ ಪ್ರತಿ ಹಂತದಲ್ಲೂ ಶೇ. 2 ಹೆಚ್ಚು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇ. 18, ಅದರ ಮೇಲೆ ಸೆಸ್ ಸೇರಿ ಸುಮಾರು ಶೇ. 20 ಆಗುತ್ತದೆ. 25 ಲಕ್ಷದ ಒಂದು ಪೆಟ್ರೋಲ್ ಸೆಡಾನ್ ಹೊಸದಾಗಿದ್ದಾಗ ಪುಣೆಯಲ್ಲಿ ಮೂರೂಕಾಲು ಲಕ್ಷ ಕಟ್ಟಿದ್ದರೆ, ಬೆಂಗಳೂರಿನಲ್ಲಿ ಹತ್ತಿರಹತ್ತಿರ ಐದು ಲಕ್ಷ ಕಟ್ಟಿರುತ್ತದೆ. ಆ ಬೆಂಗಳೂರಿನ ಗಾಡಿಯನ್ನು ನೀವು ಇಲ್ಲಿಗೆ ತಂದರೆ, ಮೂಲ ಬೆಲೆ ಮತ್ತು ಗಾಡಿಯ ವಯಸ್ಸನ್ನು ನೋಡಿ ಮಹಾರಾಷ್ಟ್ರ ತನ್ನ ಪಾಲನ್ನು ಮತ್ತೆ ಕಟ್ಟಿಸಿಕೊಳ್ಳುತ್ತದೆ. ಕರ್ನಾಟಕದಲ್ಲಿ ಉಳಿದ ಅವಧಿಯ ತೆರಿಗೆಯನ್ನು ಮರಳಿ ಪಡೆಯಲು ಬೇರೆಯಾಗಿ ಅರ್ಜಿ ಹಾಕಿ ಕಾಯಬೇಕು. ಇದರ ತಿರುವುಮುರುವೂ ನಿಜ. ಎರಡು ವರ್ಷದಲ್ಲಿ ಬೆಂಗಳೂರಿಗೆ ಮರಳುವುದು ಖಚಿತವಾಗಿದ್ದರೆ, ಇಲ್ಲಿಯ ಅಗ್ಗದ ಗಾಡಿ ಅಲ್ಲಿಗೆ ಹೋದಾಗ ಅಗ್ಗವಾಗಿ ಉಳಿಯುವುದಿಲ್ಲ ಎಂಬುದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೆಎ ಸಂಖ್ಯೆಯನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಓಡಿಸುವವರು ವಾಕಡ್‌ನ ಯಾವ ಸೊಸೈಟಿಗೆ ಹೋದರೂ ಸಿಗುತ್ತಾರೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವ ವಾಹನಕ್ಕೆ ಆ ರಾಜ್ಯದ ಹೊಸ ಸಂಖ್ಯೆ ಪಡೆಯಲೇಬೇಕು. ಅದಕ್ಕೆ ಮೊದಲು ಮೂಲ ಆರ್‌ಟಿಒದಿಂದ ನಮೂನೆ 28ರಲ್ಲಿ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ತರಬೇಕು. ಇಲ್ಲಿ ಹೊಸ ಸಂಖ್ಯೆಗೆ ನಮೂನೆ 27. ದೆಹಲಿಯ ಗಾಡಿಗಳು ಪುಣೆಯ ಯಾರ್ಡುಗಳಲ್ಲಿ ಬೆಲೆ ಕಡಿಮೆಯಾಗಿ ಕಾಣುವುದಕ್ಕೆ ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಹೇರಿದ್ದ ನಿರ್ಬಂಧವೂ ಒಂದು ಕಾರಣ. ತೆರಿಗೆ ಉಳಿಸಲೆಂದು ಪುದುಚೇರಿಯಲ್ಲಿ ನೋಂದಣಿಯಾದ ದುಬಾರಿ ಕಾರುಗಳೂ ಇಲ್ಲಿ ಕೈ ಬದಲಾಗುತ್ತವೆ. ಬೆಲೆಯಲ್ಲಿ ಕಂಡ ಉಳಿತಾಯವನ್ನು ಇಲ್ಲಿಯ ತೆರಿಗೆ, ಏಜೆಂಟರ ಕೂಲಿ ಮತ್ತು ನಿಮ್ಮ ಅರ್ಧ ವರ್ಷದ ತಾಳ್ಮೆ ತಿಂದುಹಾಕುತ್ತವೆ. ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವವರಿಗೆಂದು ಕೊಡುವ ಬಿಎಚ್ (ಭಾರತ್) ಸರಣಿಯ ಸಂಖ್ಯೆಯ ಗಾಡಿಯಾದರೆ ಮತ್ತೊಂದು ತೊಡಕು: ಅದನ್ನು ಅದೇ ಸರಣಿಯಲ್ಲಿ ಮುಂದುವರಿಸಬೇಕಾದರೆ ಕೊಳ್ಳುವವರೂ ಆ ಅರ್ಹತೆಯವರಾಗಿರಬೇಕು, ಅಂದರೆ ಸರ್ಕಾರಿ ನೌಕರರಾಗಿರಬೇಕು ಅಥವಾ ನಾಲ್ಕೋ ಅದಕ್ಕಿಂತ ಹೆಚ್ಚೋ ರಾಜ್ಯಗಳಲ್ಲಿ ಕಚೇರಿ ಇರುವ ಸಂಸ್ಥೆಯಲ್ಲಿರಬೇಕು.

ಇನ್ನು ಗಾಡಿಯ ವಿಷಯ. ‘ಪರ್ಫಾರ್ಮೆನ್ಸ್’ ಎಂಬ ಮಾತಿನ ವ್ಯಾಪ್ತಿ ದೊಡ್ಡದು. ಒಂದು ತುದಿಯಲ್ಲಿ ಪುಣೆಯ ಹತ್ತಿರದ ಚಾಕಣದಲ್ಲೇ ತಯಾರಾಗುವ ಫೋಕ್ಸ್‌ವ್ಯಾಗನ್ ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾಗಳ 1.5 ಟಿಎಸ್‌ಐ (ಟರ್ಬೊ ಪೆಟ್ರೋಲ್) ಇವೆ, ಶಕ್ತಿ 150 ಪಿಎಸ್ (ಅಶ್ವಶಕ್ತಿಯ ಮೆಟ್ರಿಕ್ ಅಳತೆ). ನಡುವೆ 2017ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230, ಮತ್ತು 2020ರಲ್ಲಿ ಬರೀ 200 ಗಾಡಿಗಳಷ್ಟೇ ಬಂದ ಆರ್‌ಎಸ್ 245. ಇನ್ನೊಂದು ತುದಿಯಲ್ಲಿ 387 ಅಶ್ವಶಕ್ತಿಯ ಬಿಎಂಡಬ್ಲ್ಯು ಎಂ340ಐ. 2021ರಲ್ಲಿ ಬಂದಾಗ ಅದರ ಶೋರೂಮ್ ಬೆಲೆ 62.90 ಲಕ್ಷವಿತ್ತು. ದಿನಬಳಕೆಗೆ ಎಂದಾದರೆ ನನ್ನ ಮತ ಮೊದಲ ಎರಡು ಬಗೆಗಳ ಕಡೆಗೇ. ಎಂ340ಐಯ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಔಂಧಿನ ಸಂಜೆಯ ದಟ್ಟಣೆಯಲ್ಲಿ ಆರು ಸಿಲಿಂಡರ್ ಎಂಜಿನ್ನನ್ನು ಹದಿನೈದು ಕಿಲೋಮೀಟರ್ ವೇಗದಲ್ಲಿ ಉರಿಸುವುದು ಆನೆಯನ್ನು ಅಂಗಳ ಗುಡಿಸಲು ಇಟ್ಟುಕೊಂಡಂತೆ.

ದಟ್ಟಣೆಯ ಮಾತು ಬಂದದ್ದರಿಂದ ಗೇರ್‌ಬಾಕ್ಸಿನ ವಿಷಯ ಹೇಳಬೇಕು. ವರ್ಟಸ್, ಸ್ಲಾವಿಯಾಗಳ ಏಳು ಗೇರಿನ ಡಿಎಸ್‌ಜಿಯಲ್ಲಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ, ಕ್ಲಚ್ ಒಣ ಬಗೆಯದು. ಒಂದೇ ಅಡಿ ಮುಂದೆ ಸರಿದು ಮತ್ತೆ ನಿಲ್ಲುವ ಹಿಂಜವಡಿಯ ಸಾಲಿನಲ್ಲಿ ಅದು ಬೇಗ ಬಿಸಿಯೇರುತ್ತದೆ. ಆರ್‌ಎಸ್ 230ರ ಆರು ಗೇರಿನ ಡಿಎಸ್‌ಜಿಯ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವಂಥದ್ದು, ಹಾಗಾಗಿ ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಆ ಎಣ್ಣೆಯನ್ನು 60,000 ಕಿಲೋಮೀಟರಿಗೊಮ್ಮೆ ಬದಲಿಸಲೇಬೇಕು. ಮಾರುವವರು ತೋರಿಸುವ ಸರ್ವಿಸ್ ಹಾಳೆಗಳಲ್ಲಿ ನಾನು ಮೊದಲು ಹುಡುಕುವುದು ಈ ಒಂದು ಸಾಲನ್ನು. 70,000 ಓಡಿದ ಗಾಡಿಯಲ್ಲಿ ಅದು ಇಲ್ಲವಾದರೆ, ಉಳಿದ ಹೊಳಪನ್ನೆಲ್ಲ ನಂಬುವುದು ಕಷ್ಟ.

ಇಂಥ ಗಾಡಿಗಳ ದೊಡ್ಡ ಅಪಾಯ ಹಳೆಯ ಮಾಲೀಕರ ಉತ್ಸಾಹ. ಎಂಜಿನ್ನಿನ ತಂತ್ರಾಂಶವನ್ನು ತಿದ್ದಿ ಶಕ್ತಿ ಹೆಚ್ಚಿಸುವ ‘ಸ್ಟೇಜ್ ಒನ್’ ರೀಮ್ಯಾಪ್ ಪುಣೆಯಲ್ಲಿ ಸುಲಭವಾಗಿ ಆಗುತ್ತದೆ, ಮಾರುವ ಮುನ್ನ ಅದನ್ನು ತೆಗೆಸುವುದೂ ಅಷ್ಟೇ ಸುಲಭ. ನಾನು ನೋಡಿದ ಒಂದು ಗಾಡಿಯಲ್ಲಿ ಮಾಲೀಕರು ಏನನ್ನೂ ಮುಟ್ಟಿಲ್ಲವೆಂದು ಆಣೆ ಇಟ್ಟಿದ್ದರು. ಆದರೆ ಬಾನೆಟ್ಟಿನ ಕೆಳಗೆ ಏರ್ ಫಿಲ್ಟರಿನ ಡಬ್ಬಿಯ ಸ್ಕ್ರೂಗಳು ಮಾತ್ರ ಹೊಚ್ಚಹೊಸದಾಗಿ ಹೊಳೆಯುತ್ತಿದ್ದವು. ಬೇರೊಂದು ಫಿಲ್ಟರ್ ಕಳಚಿ ಮೂಲದ್ದನ್ನು ಮೊನ್ನೆಯಷ್ಟೇ ಕೂರಿಸಿದ್ದರು. ಸದ್ದು ಹೆಚ್ಚಿಸುವ ಎಕ್ಸಾಸ್ಟ್ ಕೂಡ ಹೀಗೆಯೇ, ಮತ್ತು ಕಾಯ್ದೆಯ 52ನೇ ಕಲಮು ನೋಂದಣಿಯ ವಿವರಗಳಿಗೆ ವಿರುದ್ಧವಾದ ಬದಲಾವಣೆಗಳನ್ನು ಒಪ್ಪುವುದಿಲ್ಲ. ಆ ಬ್ರ್ಯಾಂಡಿನ ಗಾಡಿಗಳನ್ನೇ ನೋಡುವ ಹೊರಗಿನ ಮೆಕ್ಯಾನಿಕ್ ಒಬ್ಬರಿಗೆ ಕೂಲಿ ಕೊಟ್ಟು ಲಿಫ್ಟಿನ ಮೇಲೆ ಏರಿಸಿ ನೋಡಿಸಿ, ಸ್ಕ್ಯಾನರ್ ಹಾಕಿಸಿ. ಕೂಲಂಟ್ ಸೋರಿದ ಗುರುತು, ಕಂಟ್ರೋಲ್ ಆರ್ಮ್‌ಗಳ ಬುಷ್, ಒಳಭಾಗದಲ್ಲಿ ಮಾತ್ರ ಸವೆದ ಟೈರು: ಇಷ್ಟನ್ನು ಅವರು ನೋಡಲಿ.

ತಗ್ಗಾದ ಸೆಡಾನಿಗೆ ಇಲ್ಲಿಯ ರಸ್ತೆಗಳು ಹೊಂದುತ್ತವೆಯೇ ಎಂದು ಎಲ್ಲರೂ ಕೇಳುತ್ತಾರೆ. ಹೆದ್ದಾರಿಯಲ್ಲಿ ಧಾರಾಳವಾಗಿ ಹೊಂದುತ್ತವೆ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯ ಉದ್ದ ಸುಮಾರು 95 ಕಿಲೋಮೀಟರ್. ಬಯಲಿನಲ್ಲಿ ಕಾರಿನ ವೇಗಮಿತಿ ಗಂಟೆಗೆ 100, ಘಾಟಿನಲ್ಲಿ ಅದಕ್ಕೂ ಸಾಕಷ್ಟು ಕಡಿಮೆ, ಮತ್ತು ಕ್ಯಾಮೆರಾಗಳು ನಿದ್ರಿಸುವುದಿಲ್ಲ. ಹಾಗಾಗಿ ಗಾಡಿಯ ಶಕ್ತಿ ಬಳಕೆಗೆ ಬರುವುದು ಬೆಳಗಾವಿಯ ದಾರಿಯಲ್ಲಿನ ಖಂಬಾಟಕಿ ಘಾಟಿನಲ್ಲಿ ಲಾರಿಯನ್ನು ಸರಸರನೆ ದಾಟಿಹೋಗುವಾಗ, ಮತ್ತು ಅದಕ್ಕಿಂತ ಮುಖ್ಯವಾಗಿ, ಕಾತ್ರಜದ ಹೊಸ ಸುರಂಗ ಇಳಿದು ನವಲೆ ಸೇತುವೆಯ ಕಡೆಗೆ ಬರುವ ಆ ಅಪಾಯದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ. ತೊಡಕೆಲ್ಲ ಇರುವುದು ಸೊಸೈಟಿಯ ಒಳಗೆ. ನೆಲಮಾಳಿಗೆಯ ಇಳಿಜಾರಿನ ತುದಿಯಲ್ಲಿ ಮುಂಭಾಗದ ಬಂಪರ್ ಉಜ್ಜುತ್ತದೆಯೇ, ಒಂದರ ಮೇಲೊಂದು ಗಾಡಿ ಏರಿಸುವ ಯಾಂತ್ರಿಕ ಪಾರ್ಕಿಂಗಿನಲ್ಲಿ ಸುಮಾರು 4.7 ಮೀಟರ್ ಉದ್ದ ಹಿಡಿಸುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ, ಅದೇ ಗಾಡಿಯನ್ನು ಮನೆಗೆ ತಂದು ನೋಡಿಬಿಡಿ. ಆಕ್ಟೇವಿಯಾದ ಡಿಕ್ಕಿಯ ಬಗ್ಗೆ ಮಾತ್ರ ಚಿಂತೆ ಬೇಡ. 590 ಲೀಟರಿನ ಆ ಜಾಗದಲ್ಲಿ ಊರಿನಿಂದ ಅಮ್ಮ ಕಟ್ಟಿಕೊಡುವ ಅಕ್ಕಿ, ರೊಟ್ಟಿ, ಉಪ್ಪಿನಕಾಯಿಗಳ ಗಂಟುಗಳೆಲ್ಲ ಹಿಡಿದು ಇನ್ನೂ ಜಾಗ ಉಳಿಯುತ್ತದೆ.

ಖರ್ಚಿನಲ್ಲಿ ಪೆಟ್ರೋಲ್ ಎಲ್ಲರ ಕಣ್ಣಿಗೂ ಬೀಳುತ್ತದೆ. ನಗರದಲ್ಲಿ ಲೀಟರಿಗೆ ಎಂಟೊಂಬತ್ತು ಕಿಲೋಮೀಟರ್ ಎಂದುಕೊಂಡೇ ಹೊರಡಿ. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇರುತ್ತದೆ. 2023ರ ಏಪ್ರಿಲ್‌ಗೆ ಮುನ್ನ ತಯಾರಾದ ಬಹುತೇಕ ಗಾಡಿಗಳನ್ನು ಇದಕ್ಕೆಂದು ರೂಪಿಸಿರಲಿಲ್ಲವಾದ್ದರಿಂದ ಹಳೆಯ ಆರ್‌ಎಸ್‌ನಲ್ಲಿ ಇಂಧನದ ರಬ್ಬರ್ ಕೊಳವೆಗಳನ್ನು ಪರೀಕ್ಷಿಸಿಡುವುದು ಒಳ್ಳೆಯದು. ವಿಮೆಯಲ್ಲಿ ಒಂದು ಗೆರೆ ಇದೆ, ಅದನ್ನು ಗಮನಿಸುವವರು ಕಡಿಮೆ: 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರದಂತೆ 1000ದಿಂದ 1500 ಸಿಸಿಯವರೆಗಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿ, ಅದಕ್ಕೆ ಮೇಲ್ಪಟ್ಟರೆ 7,897. ವರ್ಟಸ್‌ನ 1498 ಸಿಸಿ ಗೆರೆಯ ಈಚೆಗೆ ನಿಲ್ಲುತ್ತದೆ, ಆರ್‌ಎಸ್‌ನ 1984 ಸಿಸಿ ಆಚೆಗೆ. ಮುಂಬಯಿಯಲ್ಲಿ ಇರುವವರು ‘ಎಂಜಿನ್ ಪ್ರೊಟೆಕ್ಟ್’ ಸೇರಿಸದೆ ವಿಮೆ ಮಾಡಿಸಲೇಬಾರದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ಅತಿರೇಕವಿರಬಹುದು; ಆದರೆ ಹಿಂದಮಾತಾ ಚೌಕದಲ್ಲಿ, ಮಿಲನ್ ಸಬ್‌ವೇಯಲ್ಲಿ ನೀರು ನಿಲ್ಲಲು ಅಷ್ಟು ಮಳೆ ಬೇಕಿಲ್ಲ, ತಗ್ಗಾದ ಗಾಡಿಯ ಗಾಳಿಯ ಕೊಳವೆಗೆ ನೀರು ನುಗ್ಗಲೂ ಬೇಕಿಲ್ಲ. ನೀರು ಸಿಲಿಂಡರಿಗೆ ಹೋದರೆ ಎಂಜಿನ್ ಮುಗಿದಂತೆಯೇ, ಸಾಧಾರಣ ವಿಮೆ ಅದನ್ನು ಅಪಘಾತವೆಂದು ಒಪ್ಪುವುದಿಲ್ಲ.

ವರ್ಗಾವಣೆಯ ದಿನದ ಕಾಗದಗಳು ಹೀಗೆ. ನಮೂನೆ 29 ಮಾರುವವರು ಕೊಡುವ ಸೂಚನೆ, 30 ನಿಮ್ಮ ಅರ್ಜಿ. ಸಾಲವಿದ್ದ ಗಾಡಿಯಾದರೆ ನಮೂನೆ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬಂದ ಮೇಲಷ್ಟೇ ಪೂರ್ತಿ ಹಣ ಕೊಡಬೇಕು. ‘ನಾಳೆ ಕ್ಲಿಯರ್ ಆಗುತ್ತದೆ’ ಎಂಬ ಮಾತಿಗೆ ಮರುಳಾಗಬೇಡಿ. ರಾಜ್ಯದೊಳಗಿನ ವ್ಯವಹಾರವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕೆಂದು 50ನೇ ಕಲಮು ಹೇಳುತ್ತದೆ. ಅರ್ಜಿ ‘ವಾಹನ್’ ತಾಣದಲ್ಲಿ ಹೋಗುತ್ತದೆ, ಒಟಿಪಿ ಎರಡೂ ಕಡೆಯವರ ಮೊಬೈಲಿಗೆ ಬರುತ್ತದೆ. ಆದ್ದರಿಂದ ಮಾರುವವರು ವಿದೇಶಕ್ಕೆ ಹೊರಟಿದ್ದರೆ ಅದಕ್ಕೂ ಮುಂಚೆಯೇ ಮುಗಿಸಿಕೊಳ್ಳಿ. ಬಾಕಿ ಚಲನ್‌ಗಳನ್ನು ಮಾರುವವರೇ ಕಟ್ಟಬೇಕು. ವೇಗದ ಗಾಡಿಗಳ ಮೇಲೆ ಅವು ಸಾಮಾನ್ಯಕ್ಕಿಂತ ಹೆಚ್ಚೇ ಇರುತ್ತವೆ, ಗಾಡಿಯ ಸಂಖ್ಯೆ ಹಾಕಿದರೆ ಪಟ್ಟಿ ಕಾಣುತ್ತದೆ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷತೆಯ ಸಂಖ್ಯಾ) ಫಲಕ ಹಾಕಿಸಿದ್ದಾರೆಯೇ ಎಂದು ನೋಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಥರ್ಡ್ ಪಾರ್ಟಿ ರಕ್ಷಣೆ ಇರಬಹುದು, ನಿಮ್ಮ ಗಾಡಿಗೆ ಆದ ನಷ್ಟಕ್ಕೆ ಕೈಬಿಡುತ್ತಾರೆ. ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರ ಸೊತ್ತು, ಗಾಡಿಯ ಜೊತೆ ಬರುವುದಿಲ್ಲ. ಹಳೆಯ ಫಾಸ್ಟ್‌ಟ್ಯಾಗನ್ನೂ ಅವರಿಂದಲೇ ಮುಚ್ಚಿಸಿ ಹೊಸದನ್ನು ಅಂಟಿಸಿ.

ನಮ್ಮವರು ಹೆಚ್ಚಾಗಿ ಎಡವುವುದು ವಿಳಾಸದಲ್ಲಿ. ಆಧಾರ್‌ನಲ್ಲಿ ಧಾರವಾಡವೋ ಕಲಬುರಗಿಯೋ ಇರುತ್ತದೆ, ಗಾಡಿ ಬೇಕಾಗಿರುವುದು ಪುಣೆಯ ವಿಳಾಸಕ್ಕೆ. ಮಹಾರಾಷ್ಟ್ರದಲ್ಲಿ ಮನೆ ಬಾಡಿಗೆಯ ‘ಲೀವ್ ಅಂಡ್ ಲೈಸೆನ್ಸ್’ ಕರಾರನ್ನು ನೋಂದಾಯಿಸುವುದು 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಕಡ್ಡಾಯ. ನಮ್ಮೂರಿನಂತೆ ಛಾಪಾ ಕಾಗದದ ಮೇಲೆ ಸಹಿ ಹಾಕಿಟ್ಟ ಬಾಡಿಗೆ ಪತ್ರ ಇಲ್ಲಿ ನಡೆಯುವುದಿಲ್ಲ. ನೋಂದಣಿಯಾದ ಕರಾರಿದ್ದರೆ ಅದೇ ನಿಮ್ಮ ವಿಳಾಸದ ಆಧಾರ. ಕರಾರು ಸಾಮಾನ್ಯವಾಗಿ 11 ತಿಂಗಳದ್ದಾದ್ದರಿಂದ, ಅದು ಮುಗಿಯುವ ಹೊತ್ತಿಗೆ ಗಾಡಿಯ ಅರ್ಜಿ ಹಾಕಿ ಮನೆ ಬದಲಾಯಿಸಬೇಡಿ. ಹೊಸ ಆರ್‌ಸಿ ಕಾರ್ಡು ಸ್ಪೀಡ್ ಪೋಸ್ಟಿನಲ್ಲಿ ಅರ್ಜಿಯ ವಿಳಾಸಕ್ಕೇ ಬರುತ್ತದೆ, ಮನೆಯಲ್ಲಿ ಯಾರೂ ಸಿಗದಿದ್ದರೆ ತಿರುಗಿ ಆರ್‌ಟಿಒಗೆ ಹೋಗುತ್ತದೆ, ಅದನ್ನು ತರಲು ನೀವು ಗುರುತಿನ ಚೀಟಿ ಹಿಡಿದು ಆ ಕಚೇರಿಯಲ್ಲಿ, ಹನ್ನೆರಡರವರಾದರೆ ಸಂಗಮ ಸೇತುವೆಯ ಬಳಿ, ಒಂದು ಬೆಳಗನ್ನು ಕಳೆಯಬೇಕಾಗುತ್ತದೆ. ಕಾವಲುಗಾರರಿಗೆ ಅಂಚೆಯವರು ಬಂದರೆ ಫೋನ್ ಮಾಡಿ ಎಂದು ಮೊದಲೇ ಹೇಳಿಟ್ಟಿರಿ.