ಚಿಪ್ಪಿಗೆ ತೂತು: ಸುತ್ತಿಗೆ ಬೇಡ, ಒರಟು ಕಲ್ಲು ಸಾಕು

ಗೋಕರ್ಣಕ್ಕೆ ಹೋದವರು ಚೀಲದಲ್ಲಿ ಒಂದಿಷ್ಟು ಚಿಪ್ಪು ತಂದೇ ತರುತ್ತಾರೆ. ಮನೆಗೆ ಬಂದವರೇ ಪೋಣಿಸಿ ತೂಗುಹಾಕಲು ತೂತು ಮಾಡೋಣವೆಂದು ಮೊಳೆ ಇಟ್ಟು ಸುತ್ತಿಗೆಯಲ್ಲಿ ಒಂದು ಬಡಿಯುತ್ತಾರೆ. ಚಿಪ್ಪು ಎರಡು ಹೋಳು! ನಮ್ಮ ಮನೆಯಲ್ಲೇ ಒಂದು ರಜೆಯಲ್ಲಿ ಹನ್ನೊಂದು ಚಿಪ್ಪು ಹೀಗೆ ಹೋದವು.

ಮೊದಲು ಚಿಪ್ಪು ಆರಿಸುವ ನಡಿಗೆ. ಗೋಕರ್ಣದ ಕುಡ್ಲೆ ಬೀಚಿನಿಂದ ಓಂ ಬೀಚ್, ಹಾಫ್ ಮೂನ್ ದಾಟಿ ಪ್ಯಾರಡೈಸ್ ಬೀಚಿನವರೆಗೆ ಬಂಡೆ, ಗುಡ್ಡದ ಕಾಲುದಾರಿ ಇದೆ. ಇಳಿತದ ಹೊತ್ತು ನೋಡಿ ಹೊರಡಿ. ಹವಾಯಿ ಚಪ್ಪಲಿ ಬೇಡ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಖಾಲಿ ಚಿಪ್ಪನ್ನು ಮಾತ್ರ ಆರಿಸಿ. ಒಳಗೆ ಏಡಿ ಮನೆ ಮಾಡಿಕೊಂಡಿದ್ದರೆ ಅಲ್ಲೇ ಬಿಡಿ. ಹವಳ, ಕಡಲಕುದುರೆ, ಕೆಲವು ಜಾತಿಯ ದೊಡ್ಡ ಶಂಖಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಮುಟ್ಟಬೇಡಿ. ನನ್ನ ಮಟ್ಟಿಗೆ ಬಳಚಿನ ಚಿಪ್ಪೇ ಸರಿ. ಬಳಚು ಅಂದರೆ ಜೋಡಿ ಚಿಪ್ಪಿನೊಳಗಿರುವ, ಸಾರು ಮಾಡಿ ತಿನ್ನುವ ಜೀವಿ. ಪಕ್ಕದ ಅಘನಾಶಿನಿ ಅಳಿವೆ ಬಳಚಿಗೇ ಹೆಸರುವಾಸಿ. ಸಾರು ಉಂಡ ಮನೆಯಲ್ಲಿ ಕೇಳಿದರೆ ಚಿಪ್ಪು ಸುಮ್ನೆ ಕೊಡುತ್ತಾರೆ.

ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಳೇ ಬ್ರಷ್‌ನಲ್ಲಿ ತಿಕ್ಕಿ, ನೆರಳಲ್ಲಿ ಒಣಗಿಸಿ. ಹೊಳಪು ಬರಲಿ ಅಂತ ಬಾತ್‌ರೂಮಿನ ಆಸಿಡ್ ಸುರಿಯುವವರಿದ್ದಾರೆ. ಚಿಪ್ಪು ಸುಣ್ಣದ ಜಾತಿಯದ್ದು ಅಲ್ವಾ, ನೊರೆ ಎದ್ದು ಕರಗುತ್ತದೆ. ವಿನೆಗರ್, ನಿಂಬೆಹಣ್ಣೂ ಮಾಡುವುದು ಅದನ್ನೇ, ಸ್ವಲ್ಪ ನಿಧಾನವಾಗಿ.

ಈಗ ತೂತು. ಎರಡು ಚಿಪ್ಪು ಕೂಡುವ ಕಡೆ, ಹೊರಮೈಯಲ್ಲಿ ಒಂದು ಗೂನು ಇರುತ್ತದೆ. ಆ ಗೂನನ್ನು ಒದ್ದೆ ಮಾಡಿದ ಒರಟು ಕಲ್ಲಿಗೆ ಒತ್ತಿ ಉಜ್ಜಿ. ಹಿತ್ತಲಿನ ಒಗೆಯುವ ಕಲ್ಲಾದರೂ ಆದೀತು. ಬೆರಳು ಗೂನಿನ ಹತ್ತಿರವೇ ಹಿಡಿದಿರಲಿ, ಅಂಚು ಹಿಡಿದರೆ ಚಿಪ್ಪು ಮುರಿಯುತ್ತದೆ. ಆಗಾಗ ನೀರು ಚಿಮುಕಿಸಿ. ಒಣಗಿದ್ದನ್ನು ಉಜ್ಜಿದರೆ ಪುಡಿ ಮೂಗಿಗೆ ಹೋಗುತ್ತದೆ, ಅದು ಒಳ್ಳೆಯದಲ್ಲ. ಮೊದಲು ಗೂನು ಚಪ್ಪಟೆ ಆಗುತ್ತದೆ, ಆಮೇಲೆ ನಡುವೆ ಮಬ್ಬು ಚುಕ್ಕಿ ಕಾಣುತ್ತದೆ. ಬೆಳಕಿಗೆ ಹಿಡಿದು ನೋಡಿ. ಚುಕ್ಕಿ ಬಂತೆಂದರೆ ಕೈ ಹಗುರ ಮಾಡಿ. ಇಲ್ಲೇ ಎಲ್ಲರೂ ಅವಸರ ಮಾಡಿ ಕೆಡಿಸುವುದು. ಸೂಜಿ ಮೊನೆಯಷ್ಟು ತೂತು ಬಿದ್ದಾಗ ನಿಲ್ಲಿಸಿ, ಅದನ್ನು ದಬ್ಬಣದ ತುದಿಯಿಂದ ತಿರುವಿ ತಿರುವಿ ಅಗಲ ಮಾಡಿ. ಡ್ರಿಲ್ಲೇ ಬೇಕೆಂದರೆ 2 ಮಿ.ಮೀ. ಬಿಟ್ ಹಾಕಿ. ಚಿಪ್ಪಿನಡಿ ಒದ್ದೆ ಮರಳಿರಲಿ. ಕೈಯಲ್ಲಿ ತಿರುಗಿಸುವ ಡ್ರಿಲ್ ಆಗಬೇಕು, ಕರೆಂಟಿನದ್ದು ಬೇಡ.

ಅಂದಹಾಗೆ, ಕೆಲವು ಚಿಪ್ಪಿನಲ್ಲಿ ಮೊದಲೇ ನುಣುಪಾದ ದುಂಡು ತೂತು ಇರುತ್ತದೆ. ಮಿಷನ್ನಿನ ಕೆಲಸವಲ್ಲ. ಒಂದು ಜಾತಿಯ ಕಡಲ ಬಸವನಹುಳು ಬಳಚನ್ನು ತಿನ್ನಲು ಕೊರೆದದ್ದು. ಅಂಥದ್ದು ಸಿಕ್ಕರೆ ನಿಮ್ಮ ಕೆಲಸ ಉಳಿಯಿತು.

ತಂಗೂಸಿಯಲ್ಲಿ (ಮೀನು ಹಿಡಿಯುವ ನೈಲಾನ್ ದಾರ) ಪೋಣಿಸಿ, ಪ್ರತಿ ಚಿಪ್ಪಿನ ಕೆಳಗೊಂದು ಗಂಟು ಹಾಕಿ, ಅಲೆ ತಂದು ಹಾಕಿದ ಕಟ್ಟಿಗೆಗೆ ಕಟ್ಟಿ. ಅಂಟಿನ ತಂಟೆಗೆ ಹೋಗಬೇಡಿ. ಮಳೆಗಾಲದ ತೇವಕ್ಕೆ ನನ್ನದೊಂದು ಕನ್ನಡಿ ಚೌಕಟ್ಟಿನ ಚಿಪ್ಪೆಲ್ಲ ಉದುರಿಹೋಗಿದೆ. ಜೋರು ಗಾಳಿಯ ಬಾಗಿಲಿಗೆ ತೂಗುಹಾಕಿದರೆ ಒಂದಕ್ಕೊಂದು ಬಡಿದು ಅಂಚು ಚಕ್ಕೆ ಏಳುತ್ತದೆ. ಒಳಗಿನ ಕಿಟಕಿಗೆ ಹಾಕಿ.