ಲಂಗರು ಎಲ್ಲಿ ಹಾಕ್ತೀರಿ? ಮಾರಿಷಸ್‌ನಲ್ಲಿ ಸ್ನಾರ್ಕ್ಲಿಂಗ್ ದೋಣಿ ಆರಿಸುವುದು ಹೇಗೆ

ಮೊದಲ ಸಲ ಮಾರಿಷಸ್‌ಗೆ ಹೋದಾಗ ಸ್ನಾರ್ಕ್ಲಿಂಗ್ (ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತಾ ನೀರೊಳಗಿನ ಹವಳ, ಮೀನು ನೋಡುವುದು) ದೋಣಿಯನ್ನು ಹೋಟೆಲ್ ಕೌಂಟರಿನಲ್ಲೇ ಬುಕ್ ಮಾಡಿದ್ದೆ. ಕರಪತ್ರದ ಮೇಲೆ ಒಂದು ಹಸಿರು ಎಲೆ, ಅದರ ಕೆಳಗೆ ‘ಇಕೋ ಫ್ರೆಂಡ್ಲಿ’ ಎಂಬ ಬರಹ. ಅಷ್ಟು ಸಾಕು ಅಂದುಕೊಂಡೆ. ದಡದಾಚೆಯ ಶಾಂತ ನೀರಿನ ನಡುವೆ ದೋಣಿ ನಿಂತಿತು. ಅವಸರಕ್ಕೆ ನಾನು ಆಗಲೇ ಏಣಿ ಇಳಿದು, ನೀರಿಗೆ ಮುಖ ಅದ್ದಿದ್ದೆ. ಆ ಕಡೆಯಿಂದ ಒಬ್ಬ ಹುಡುಗ ಲಂಗರು ಬಿಟ್ಟ. ಅದು ಹೋಗಿ ಕೊಂಬೆಕೊಂಬೆಯಾಗಿ ಬೆಳೆದಿದ್ದ ಹವಳದ ಪೊದೆಯ ಮೇಲೆ ಕುಳಿತಿತು. ಒಣ ಹಪ್ಪಳ ಮುರಿದ ಹಾಗೆ ಸದ್ದು ಕೇಳಿಸಿತು. ಗಾಳಿಗೆ ದೋಣಿ ಸರಿದಂತೆ ಹಗ್ಗದ ತುದಿಯ ಸರಪಳಿಯೂ ನೆಲದ ಮೇಲೆ ಎಳೆದಾಡಿತು. ಅದು ಸವರಿದ ಕಡೆಯೆಲ್ಲ ಬಿಳಿ ಗೀರು.

ಗುಂಡಗೆ ಬಂಡೆಯ ಹಾಗೆ ಬೆಳೆಯುವ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಒಂದು ಮೀಟರ್ ಗಾತ್ರದ ಗುಂಡು ಅಂದರೆ ನಮ್ಮ ಅಜ್ಜಿಯಷ್ಟು ವಯಸ್ಸು. ಹಾಗಾಗಿ ಈಗ ನಾನು ದೋಣಿಯವರಿಗೆ ದರ ಕೇಳುವ ಮೊದಲೇ ಲಂಗರು ಎಲ್ಲಿ ಹಾಕ್ತೀರಿ ಎಂದು ಕೇಳುತ್ತೇನೆ. ಉಳಿದ ಪ್ರಶ್ನೆಗಳೆಲ್ಲ ಅದರ ಹಿಂದೆ ಬರುತ್ತವೆ.

ಮೊದಲು ಕರಾವಳಿ, ಆಮೇಲೆ ದೋಣಿ

ಮಾರಿಷಸ್ ದ್ವೀಪದ ಸುತ್ತ ಸುಮಾರು 150 ಕಿಲೋಮೀಟರ್ ಉದ್ದದ ಹವಳದ ಗೋಡೆ ಇದೆ. ದೊಡ್ಡ ಅಲೆಗಳು ಅದಕ್ಕೆ ಬಡಿದು ಒಡೆಯುತ್ತವೆ. ಗೋಡೆಯ ಒಳಗೆ, ದಡದವರೆಗೆ ಇರುವ ಆಳವಿಲ್ಲದ ಶಾಂತ ನೀರೇ ಲಗೂನ್. ದಕ್ಷಿಣದ ಗ್ರಿ ಗ್ರಿ ಕಡೆ ಈ ಗೋಡೆ ಇಲ್ಲ. ಅಲ್ಲಿ ಸಮುದ್ರ ನೇರವಾಗಿ ಬಂಡೆಗೆ ಅಪ್ಪಳಿಸುತ್ತದೆ. ಅದನ್ನು ನೋಡಿದರೆ ಹವಳ ಮಾಡುತ್ತಿರುವ ಕೆಲಸ ಎಂಥದ್ದು ಎಂದು ತಾನಾಗಿ ಗೊತ್ತಾಗುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಆಗ್ನೇಯ ಗಾಳಿ ಜೋರು, ಪೂರ್ವ ಕರಾವಳಿಯ ನೀರು ಕದಡಿರುತ್ತದೆ. ಆಗ ಪಶ್ಚಿಮ ಅಥವಾ ವಾಯವ್ಯ ಕಡೆಯ ದೋಣಿ ನೋಡಿ. ಜನವರಿಯಿಂದ ಮಾರ್ಚ್ ಚಂಡಮಾರುತದ ಕಾಲ. ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯದು. ನಮ್ಮಲ್ಲಿ ದಸರಾ, ದೀಪಾವಳಿ ರಜೆ ಬರುವುದೂ ಆ ಹೊತ್ತಿಗೇ.

ಜಾಗದ ವಿಷಯಕ್ಕೆ ಬಂದರೆ ನನ್ನ ಮನಸ್ಸು ಆಗ್ನೇಯದ ಬ್ಲೂ ಬೇ ಕಡೆಗೇ ಹೋಗುತ್ತದೆ. 353 ಹೆಕ್ಟೇರಿನ ಈ ಸಾಗರ ಉದ್ಯಾನಕ್ಕೆ 2008ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಮಹತ್ವದ ಜೌಗು ಪ್ರದೇಶ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನಮ್ಮ ರಂಗನತಿಟ್ಟಿಗೆ 2022ರಲ್ಲಿ ಸಿಕ್ಕಿದ್ದೂ ಇದೇ ಮಾನ್ಯತೆ. ಬ್ಲೂ ಬೇಯಲ್ಲಿ 38 ಜಾತಿಯ ಹವಳ, 72 ಜಾತಿಯ ಮೀನು ದಾಖಲಾಗಿವೆ. ಪಕ್ಕದಲ್ಲೇ ಇಲ್ ಓ ಎಗ್ರೆಟ್ ಎಂಬ ಪುಟ್ಟ ದ್ವೀಪ ಇದೆ. ಗುಲಾಬಿ ಪಾರಿವಾಳ ಮತ್ತು ದೈತ್ಯ ಆಮೆಗಳನ್ನು ನೋಡಬೇಕಾದರೆ ಅರ್ಧ ದಿನ ಅಲ್ಲಿಗೆ ಇಟ್ಟುಕೊಳ್ಳಿ. ಪಶ್ಚಿಮದಲ್ಲಿ ಲ ಮಾರ್ನ್ ಬೆಟ್ಟದ ಹತ್ತಿರ ಇಲ್ ಓ ಬೆನಿತಿಯೆ ಚೆನ್ನಾಗಿದೆ. ಪೂರ್ವದ ಇಲ್ ಓ ಸೆರ್ಫ್‌ಗೆ ಎಲ್ಲರೂ ಹೋಗುತ್ತಾರೆ. ಸ್ಪೀಡ್ ಬೋಟುಗಳ ಗದ್ದಲ ಬೇಡ ಅನ್ನುವವರು ಅದನ್ನು ಬಿಡಬಹುದು.

ಇನ್ನೊಂದು ಮಾತು. ಲ ಮಾರ್ನ್ ಬಳಿಯ ‘ನೀರೊಳಗಿನ ಜಲಪಾತ’ ತೋರಿಸುತ್ತೇವೆ ಎಂದು ದೋಣಿಯವರು ಹೇಳಿದರೆ ನಂಬಬೇಡಿ. ಅದು ಮರಳು, ಕೆಸರು ಹರಡಿದ ರೀತಿಯಿಂದ ಕಣ್ಣಿಗೆ ಆಗುವ ಭ್ರಮೆ. ವಿಮಾನ, ಹೆಲಿಕಾಪ್ಟರಿನಿಂದ ನೋಡಿದರೆ ಮಾತ್ರ ಕಾಣುತ್ತದೆ.

ಪ್ರೈವೇಟ್ ಅಂದರೆ ಎಷ್ಟು ದೊಡ್ಡದು?

ನಾಲ್ಕು ಜನರ ಕುಟುಂಬಕ್ಕೆ ನಲವತ್ತು ಜನ ಹಿಡಿಸುವ ಕ್ಯಾಟಮರಾನ್ (ಜೋಡಿ ಒಡಲಿನ ದೋಣಿ) ಇಡಿಯಾಗಿ ತೆಗೆದುಕೊಂಡರೆ ಅದು ಪ್ರೈವೇಟ್ ಆಗುತ್ತದೆ, ಪರಿಸರಸ್ನೇಹಿ ಆಗುವುದಿಲ್ಲ. ಅಷ್ಟು ಡೀಸೆಲ್ ಸುಮ್ನೆ ಉರಿಯುತ್ತದೆ. ನಾಲ್ಕೈದು ಜನಕ್ಕೆ ಚಿಕ್ಕ ದೋಣಿ ಸಾಕು. ಎರಡು ಕುಟುಂಬ ಸೇರಿ ಹೋದರೆ ಖರ್ಚೂ ಕಡಿಮೆ, ಇಂಧನವೂ ಕಡಿಮೆ. ಚಿಕ್ಕ ಗುಂಪಿನ ದೊಡ್ಡ ಲಾಭ ನೀರಿನಲ್ಲಿ ಗೊತ್ತಾಗುತ್ತದೆ. ಗೈಡ್ ಕಣ್ಣಿಗೆ ಎಲ್ಲರೂ ಬೀಳುತ್ತಾರೆ, ಯಾರ ಕಾಲು ಎಲ್ಲಿ ತಾಗುತ್ತಿದೆ ಎಂದು ಅವನಿಗೆ ಕಾಣುತ್ತದೆ.

ಹಾಯಿ ಇರುವ ಕ್ಯಾಟಮರಾನ್ ಆದರೆ ಹಾಯಿ ಯಾವ ದಾರಿಯಲ್ಲಿ ಬಿಚ್ಚುತ್ತೀರಿ ಎಂದು ಕೇಳಿ. ಹಲವು ದೋಣಿಗಳಲ್ಲಿ ಹಾಯಿ ಫೋಟೋಗೆ ಮಾತ್ರ, ದಾರಿಯುದ್ದಕ್ಕೂ ಎಂಜಿನ್ನೇ. (ಕ್ಯಾಟಮರಾನ್ ಎಂಬ ಪದ ಬಂದಿರುವುದೇ ತಮಿಳಿನ ಕಟ್ಟುಮರದಿಂದ. ನಮ್ಮ ಕಡಲ ಕಡೆಯ ಪದ ಊರೆಲ್ಲ ಸುತ್ತಿ ಬಂದಿದೆ ನೋಡಿ.) ಎಂಜಿನ್ ಟು ಸ್ಟ್ರೋಕೋ, ಫೋರ್ ಸ್ಟ್ರೋಕೋ ಎಂದೂ ಕೇಳಿ. ಹಿಂದಿನ ಟು ಸ್ಟ್ರೋಕ್ ಆಟೋಗಳು ಬೆಂಗಳೂರಿನ ಸಿಗ್ನಲ್‌ನಲ್ಲಿ ನೀಲಿ ಹೊಗೆ ಬಿಡುತ್ತಿದ್ದವಲ್ಲ, ಅದೇ ಕಥೆ ಇಲ್ಲಿ ನೀರಿನಲ್ಲಿ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಪೂರ್ತಿ ಸುಡದೆ ಹೊರಬರುತ್ತದೆ, ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟುತ್ತದೆ. ಫೋರ್ ಸ್ಟ್ರೋಕ್ ಸದ್ದೂ ಕಡಿಮೆ ಮಾಡುತ್ತದೆ.

ಲೈಸೆನ್ಸ್ ನೋಡುವುದು ಎರಡು ನಿಮಿಷದ ಕೆಲಸ. ಬಾಡಿಗೆಗೆ ಓಡಿಸುವ ದೋಣಿಗೂ, ಓಡಿಸುವ ಸ್ಕಿಪ್ಪರ್‌ಗೂ ಅಲ್ಲಿನ ಟೂರಿಸಂ ಅಥಾರಿಟಿ ಪರವಾನಗಿ ಕೊಡುತ್ತದೆ. ಎರಡರ ಫೋಟೋವನ್ನೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಹೇಳಿ. ದೋಣಿಗೆ ಎಷ್ಟು ಜನರ ಅನುಮತಿ ಎಂದೂ ಕೇಳಿ. ಬೀಚ್‌ನಲ್ಲಿ ಬಂದು ಕಿವಿಯಲ್ಲಿ ದರ ಹೇಳುವವರ ಹತ್ತಿರ ಈ ಕಾಗದ ಇಲ್ಲದಿದ್ದರೆ ಅಪಘಾತವಾದಾಗ ನಿಮ್ಮ ವಿಮೆಯೂ ಕೈಕೊಡಬಹುದು.

ಕಳಿಸಬೇಕಾದ ಮೆಸೇಜ್

ನಾಲ್ಕೈದು ದೋಣಿಯವರಿಗೆ ಒಂದೇ ಮೆಸೇಜ್ ಕಳಿಸಿ, ಉತ್ತರಗಳನ್ನು ಹೋಲಿಸಿ. ನಾನು ಕಳಿಸುವುದು ಇಷ್ಟು:

• ಸ್ನಾರ್ಕ್ಲಿಂಗ್ ಜಾಗದಲ್ಲಿ ದೋಣಿ ಹೇಗೆ ನಿಲ್ಲಿಸುತ್ತೀರಿ?
• ನೀರಿಗೆ ಇಳಿಯುವ ಗೈಡ್ ಬೇರೆ ಇರುತ್ತಾರಾ, ಸ್ಕಿಪ್ಪರೇನಾ?
• ಮೀನಿಗೆ ಬ್ರೆಡ್ ಹಾಕುತ್ತೀರಾ?
• ಡಾಲ್ಫಿನ್ ನೋಡಲು ಹೋಗುತ್ತೀರಾ? ಹೋದರೆ ಅಲ್ಲಿ ನೀರಿಗೆ ಇಳಿಸುತ್ತೀರಾ?
• ದೋಣಿಯ ಟಾಯ್ಲೆಟ್ ನೀರು ಎಲ್ಲಿಗೆ ಹೋಗುತ್ತದೆ?
• ಗಾಳಿ ಜೋರಾಗಿ ಟ್ರಿಪ್ ರದ್ದಾದರೆ ಹಣ ವಾಪಸ್ಸಾ?

ಮೊದಲ ಪ್ರಶ್ನೆಗೆ ನೀವು ಕಾಯಬೇಕಾದ ಉತ್ತರ ಎರಡೇ. ಒಂದು, ‘ಬೋಯಾಗೆ ಕಟ್ಟುತ್ತೇವೆ.’ ಬೋಯಾ ಅಂದರೆ ನೆಲಕ್ಕೆ ಒಮ್ಮೆ ಭದ್ರಪಡಿಸಿ ಬಿಟ್ಟ, ನೀರಿನ ಮೇಲೆ ತೇಲುವ ದೊಡ್ಡ ಚೆಂಡು. ದೋಣಿ ಬಂದು ಅದಕ್ಕೆ ಹಗ್ಗ ಕಟ್ಟಿ ನಿಲ್ಲುತ್ತದೆ, ಲಂಗರು ಇಳಿಸುವ ಮಾತೇ ಇಲ್ಲ. ಎರಡು, ‘ಬೋಯಾ ಇಲ್ಲದ ಕಡೆ ಬರೀ ಮರಳಿನ ಮೇಲೆ ಲಂಗರು ಹಾಕಿ, ಅಲ್ಲಿಂದ ಈಜಿಸಿಕೊಂಡು ಹೋಗುತ್ತೇವೆ.’ ಹೀಗೆ ಜಾಗದ ಹೆಸರು ಹೇಳಿ ವಿವರಿಸುವವರಿಗೆ ಆ ನೀರಿನ ಕೆಳಗಿನ ನೆಲ ಗೊತ್ತಿದೆ ಎಂದರ್ಥ. ‘ಚಿಂತೆ ಬೇಡ ಸರ್, ವಿ ಆರ್ ಇಕೋ’ ಎಂದಷ್ಟೇ ಬಂದರೆ ಮುಂದಿನವರನ್ನು ನೋಡಿ.

ಬ್ರೆಡ್ ವಿಷಯದಲ್ಲಿ ಮಕ್ಕಳಿಗೆ ಬೇಜಾರಾಗುತ್ತದೆ, ನಿಜ. ಒಂದು ತುಂಡು ಹಾಕಿದರೆ ಪಟ್ಟೆ ಮೀನುಗಳು ಸುತ್ತುವರಿದು ಬರುತ್ತವೆ, ನೋಡಲು ಚೆಂದ. ಆದರೆ ಹವಳದ ಮೇಲಿನ ಪಾಚಿ ಮೇಯುವ ಮೀನುಗಳಿಗೆ ಆ ಕೆಲಸವೇ ಊಟ. ಬ್ರೆಡ್‌ನಿಂದ ಹೊಟ್ಟೆ ತುಂಬಿ ಅವು ಮೇಯದಿದ್ದರೆ ಪಾಚಿ ಬೆಳೆದು ಹವಳಕ್ಕೆ ಬೆಳಕು ತಪ್ಪುತ್ತದೆ. ಮಗುವಿಗೆ ಬ್ರೆಡ್ ಬದಲು ಗಿಳಿ ಮೀನು ತೋರಿಸಿ. ಗಿಳಿ ಕೊಕ್ಕಿನಂಥ ಹಲ್ಲಿನಿಂದ ಹವಳ ಕೆರೆದು ತಿನ್ನುತ್ತದೆ, ಸ್ವಲ್ಪ ಹೊತ್ತು ಹಿಂದೆಯೇ ಹೋದರೆ ಹಿಂಭಾಗದಿಂದ ಬಿಳಿ ಪುಡಿ ಬಿಡುತ್ತದೆ. ಬೀಚಿನ ಮರಳಿನಲ್ಲಿ ಅದರದೂ ಪಾಲಿದೆ ಎಂದು ಹೇಳಿ. ಮಗು ಬ್ರೆಡ್ ಮರೆತೇಬಿಡುತ್ತದೆ.

ಡಾಲ್ಫಿನ್ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ಪಶ್ಚಿಮದ ತಾಮರಿನ್ ಕೊಲ್ಲಿಗೆ ಸ್ಪಿನ್ನರ್ ಡಾಲ್ಫಿನ್‌ಗಳು ಬೆಳಿಗ್ಗೆ ಬರುವುದು ವಿಶ್ರಾಂತಿಗೆ. ರಾತ್ರಿಯಿಡೀ ಆಳದಲ್ಲಿ ಬೇಟೆಯಾಡಿ, ಮರಿಗಳ ಜೊತೆ ಮಲಗಲು ಬಂದಿರುತ್ತವೆ. ಅದೇ ಹೊತ್ತಿಗೆ ದೋಣಿಗಳು ಸುತ್ತುವರಿದು, ಅವುಗಳ ಮುಂದೆ ಹೋಗಿ ಜನರನ್ನು ನೀರಿಗೆ ಇಳಿಸುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದವರ ಮನೆ ಬಾಗಿಲಿಗೆ ದಿನಾ ಬ್ಯಾಂಡ್ ಬಾರಿಸಿದ ಹಾಗೆ, ಅಲ್ವಾ? ದೂರ ನಿಂತು, ಎಂಜಿನ್ ನಿಧಾನ ಮಾಡಿ ನೋಡಿಸುವವರು ಇದ್ದಾರೆ. ಅವರ ಜೊತೆ ಹೋಗಿ.

ಟಾಯ್ಲೆಟ್ ನೀರು ಟ್ಯಾಂಕಿನಲ್ಲಿ ತುಂಬಿಸಿ ದಡಕ್ಕೆ ತರಬೇಕು. ಊಟಕ್ಕೆ ಸ್ಟೀಲ್ ತಟ್ಟೆ, ದೊಡ್ಡ ನೀರಿನ ಕ್ಯಾನ್ ಕೇಳಿ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಆ ದೇಶ 2021ರಿಂದ ನಿಷೇಧಿಸಿದೆ, ಹಾಗಾಗಿ ಇದು ಅವರಿಗೆ ಹೊಸದೇನಲ್ಲ. ಸಸ್ಯಾಹಾರ ಬೇಕಾದರೆ ಮೊದಲೇ ಹೇಳಿಬಿಡಿ.

ಆಗ್ನೇಯ ಕರಾವಳಿಯವರ ಹತ್ತಿರ ಮಾತಾಡುವಾಗ ಇನ್ನೊಂದು ನೆನಪಿರಲಿ. 2020ರ ಜುಲೈ 25ರಂದು ವಕಾಶಿಯೋ ಎಂಬ ಹಡಗು ಬ್ಲೂ ಬೇ ಸಮೀಪದ ಹವಳದ ಗೋಡೆಗೆ ಬಂದು ಸಿಕ್ಕಿಕೊಂಡಿತು. ಆಗಸ್ಟ್‌ನಲ್ಲಿ ಸುಮಾರು 1000 ಟನ್ ಎಣ್ಣೆ ಸೋರಿತು. ಹತ್ತಿರದ ಕಡಲೂರು ಮಾಹೆಬೂರ್‌ನ ಜನ ಕಬ್ಬಿನ ರವದಿಯನ್ನು (ಒಣಗಿದ ಗರಿ) ಬಟ್ಟೆಯಲ್ಲಿ ತುಂಬಿ, ಉದ್ದುದ್ದ ದಿಂಬಿನ ಹಾಗೆ ಹೊಲಿದು, ಎಣ್ಣೆ ತಡೆಯಲು ಸಮುದ್ರಕ್ಕೆ ಹಾಸಿದರು. ತಲೆಗೂದಲು ಕತ್ತರಿಸಿ ಕೊಟ್ಟವರೂ ಇದ್ದರು. ಮಂಡ್ಯದವರಿಗೆ ರವದಿ ಅಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಈ ಲಗೂನ್ ಬಗ್ಗೆ ನೀವು ಕಾಳಜಿಯಿಂದ ಪ್ರಶ್ನೆ ಕೇಳಿದರೆ ಅಲ್ಲಿಯವರಿಗೆ ಅದು ಕಿರಿಕಿರಿ ಅನ್ನಿಸುವುದಿಲ್ಲ. ನನಗಂತೂ ಕೇಳಿದ್ದಕ್ಕಿಂತ ಹೆಚ್ಚೇ ಉತ್ತರ ಸಿಕ್ಕಿದೆ.

ದರ

ಯಾವ ರೂಪಾಯಿ ಎಂದು ಮೊದಲು ಕೇಳಿ. ಅಲ್ಲೂ ರೂಪಾಯಿಯೇ, ಆದರೆ ಮಾರಿಷಸ್ ರೂಪಾಯಿಗೆ ನಮ್ಮದಕ್ಕಿಂತ ಬೆಲೆ ಜಾಸ್ತಿ. ಕೆಲವರು ಯೂರೋದಲ್ಲಿ ಹೇಳುತ್ತಾರೆ. ದರ ಇಡೀ ದೋಣಿಗಾ, ತಲೆಗಿಷ್ಟು ಎಂದಾ, ಮಾಸ್ಕ್, ಊಟ, ಪಿಕಪ್ ಸೇರಿದೆಯಾ ಎಂದು ಬರೆಸಿಕೊಳ್ಳಿ. ಸ್ವಲ್ಪ ಮುಂಗಡ ಕೊಡಿ, ಉಳಿದದ್ದು ಇಳಿದ ಮೇಲೆ.

ಈಜು ಬಾರದವರು ಇದ್ದರೆ

ನಮ್ಮ ಕುಟುಂಬಗಳಲ್ಲಿ ಅರ್ಧ ಜನಕ್ಕೆ ಈಜು ಬರುವುದಿಲ್ಲ. ಅದನ್ನು ಮುಚ್ಚಿಡಬೇಡಿ. ಹವಳ ಮುರಿಯುವುದರಲ್ಲಿ ಲಂಗರಿನ ಜೊತೆ ಗಾಬರಿಯಾದ ಕಾಲಿಗೂ ಪಾಲಿದೆ. ಬಾಯಿಗೆ ನೀರು ಹೋದ ತಕ್ಷಣ ಯಾರಾದರೂ ಮಾಡುವುದು ಒಂದೇ, ಸಿಕ್ಕಿದ್ದರ ಮೇಲೆ ನಿಲ್ಲುವುದು. ಸಿಕ್ಕಿದ್ದು ಹವಳ ಆಗಿರುತ್ತದೆ. ಇಲ್ಲವೇ ಅಲ್ಲಿಯವರು ಲಾಫ್ ಎಂದು ಕರೆಯುವ, ಕಲ್ಲಿನ ಹಾಗೇ ಕಾಣುವ ವಿಷದ ಮುಳ್ಳಿನ ಮೀನು. ಆದ್ದರಿಂದ ಲೈಫ್ ಜಾಕೆಟ್ ಜೊತೆಗೆ ಹಿಡಿದುಕೊಳ್ಳಲು ತೇಲುವ ಟ್ಯೂಬ್ ಇದೆಯಾ, ಗೈಡ್ ಅದನ್ನು ಎಳೆದುಕೊಂಡು ಹೋಗುತ್ತಾರಾ ಎಂದು ಕೇಳಿ. ಮೊದಲು ಮರಳಿನ ಮೇಲೆ, ಸೊಂಟದವರೆಗಿನ ನೀರಿನಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡಿಸಲಿ. ನೀರಿಗಿಳಿಯಲು ಮನಸ್ಸಿಲ್ಲದ ಅಜ್ಜ ಅಜ್ಜಿಗೆ ಬ್ಲೂ ಬೇಯಲ್ಲಿ ಗಾಜಿನ ತಳದ ದೋಣಿಗಳಿವೆ.

ಮಾಸ್ಕ್ ಪರೀಕ್ಷೆ ಹೋಟೆಲ್ ರೂಮಿನಲ್ಲೇ ಮುಗಿಸಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಒಳಗೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಸರಿ. ದಪ್ಪ ಮೀಸೆ ಇರುವವರಿಗೆ ಮೂಗಿನ ಕೆಳಗಿಂದ ನೀರು ನುಗ್ಗುತ್ತದೆ, ಅಂಚಿಗೆ ಸ್ವಲ್ಪ ವ್ಯಾಸಲೀನ್ ಸವರಿದರೆ ಎಷ್ಟೋ ವಾಸಿ. ಕನ್ನಡಕದವರು ಪವರ್ ಇರುವ ಮಾಸ್ಕ್ ಇದೆಯಾ ಎಂದು ಮೊದಲೇ ವಿಚಾರಿಸಿ. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ.

ಸನ್‌ಸ್ಕ್ರೀನ್ ಡಬ್ಬಿ ತಿರುಗಿಸಿ ಓದಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇದ್ದರೆ ಬೇಡ. ಇವೆರಡೂ ಹವಳಕ್ಕೆ ಹಾನಿ ಎಂದು ಹವಾಯಿಯಲ್ಲಿ 2021ರಿಂದ ಇಂಥ ಸನ್‌ಸ್ಕ್ರೀನ್ ಮಾರಾಟವನ್ನೇ ನಿಲ್ಲಿಸಿದ್ದಾರೆ. ಜಿಂಕ್ ಆಕ್ಸೈಡ್ ಇರುವುದು ಕೊಳ್ಳಿ. ಅದಕ್ಕಿಂತ ಒಳ್ಳೆಯದು ತುಂಬುತೋಳಿನ ಈಜು ಅಂಗಿ. ನೀರಿನಲ್ಲಿ ಬೋರಲು ಮಲಗಿ ತೇಲುವಾಗ ಸುಡುವುದು ಬೆನ್ನು ಮತ್ತು ಮೊಣಕಾಲಿನ ಹಿಂಭಾಗ, ಮುಖವಲ್ಲ.

ಹೊರಡುವ ದಿನ

ಬೆಳಿಗ್ಗೆ ಸ್ಕಿಪ್ಪರ್ ಗಾಳಿ ಜಾಸ್ತಿ, ಇವತ್ತು ಬೇಡ ಎಂದರೆ ವಾದ ಮಾಡಬೇಡಿ. ರಜೆಯ ಮೊದಲ ದಿನಗಳಲ್ಲೇ ಬುಕ್ ಮಾಡಿದ್ದರೆ ಮುಂದಕ್ಕೆ ಹಾಕಲು ದಿನ ಉಳಿದಿರುತ್ತದೆ. ಹತ್ತುವ ಮೊದಲು ಮಕ್ಕಳಿಗೆ ಒಂದು ಮಾತು ಹೇಳಿಡಿ: ಚಿಪ್ಪು, ಹವಳದ ತುಂಡು ಜೇಬಿಗೆ ಬೇಡ. ಅಲ್ಲೂ ತಪ್ಪು, ಇಲ್ಲಿನ ವನ್ಯಜೀವಿ ಕಾಯ್ದೆಯಲ್ಲೂ ತಪ್ಪು.

ಎರಡನೇ ಸಲ ನಾವು ಹೋದ ದೋಣಿ ಚಿಕ್ಕದು, ಬಣ್ಣ ಮಾಸಿದ್ದು. ಎಲ್ಲೂ ಎಲೆಯ ಚಿತ್ರ ಇರಲಿಲ್ಲ. ಸ್ಕಿಪ್ಪರ್ ಬೋಯಾ ಹತ್ತಿರ ಬಂದು, ಕೊಕ್ಕೆಯಲ್ಲಿ ಹಗ್ಗ ಎಳೆದು ಕಟ್ಟಿ, ಎಂಜಿನ್ ಆಫ್ ಮಾಡಿದರು. ಮುಖ ಅದ್ದಿದೆ. ಸುತ್ತಲಿಂದ ಸಣ್ಣಗೆ ಚಟಪಟ ಸದ್ದು, ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಹವಳದ ಸಂದಿಗಳಲ್ಲಿ ಕೂತ ಪುಟ್ಟ ಸೀಗಡಿಗಳು ಕೊಂಡಿ ಬಡಿಯುವ ಸದ್ದು ಅದು ಎಂದು ಅವರು ಆಮೇಲೆ ಹೇಳಿದರು. ಮೊದಲ ಸಲವೂ ಅದು ಇದ್ದಿರಬೇಕು. ಅವತ್ತು ಎಂಜಿನ್ ಒಂದು ಗಳಿಗೆಯೂ ನಿಂತಿರಲಿಲ್ಲ.