ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಶುರು ಮಾಡುವುದು ಹೇಗೆ? ಹಳೇದನ್ನೆಲ್ಲ ಆಡಿರಬೇಕಿಲ್ಲ

ವಿಜಯಪುರದ ನಮ್ಮ ಗೇಮಿಂಗ್ ಗೆಳೆಯರಲ್ಲಿ ಯಾರಾದರೂ ಮಾನ್‌ಸ್ಟರ್ ಹಂಟರ್ ಬಗ್ಗೆ ಮಾತು ತೆಗೆದರೆ ಮೊದಲ ಪ್ರಶ್ನೆ ಇದೇ: ಹಳೇ ಆಟಗಳನ್ನೆಲ್ಲ ಮುಗಿಸಿ ಬರಬೇಕಾ? ಬೇಡ ಮಾರಾಯ್ರೆ. ಜಪಾನಿನ ಗೇಮ್ ಕಂಪನಿ ಕ್ಯಾಪ್‌ಕಾಮ್ ಈ ಸರಣಿ ಶುರು ಮಾಡಿದ್ದು 2004ರಲ್ಲಿ, ಪ್ಲೇಸ್ಟೇಷನ್ 2ಕ್ಕೆ. ಅಲ್ಲಿಂದ ಇಲ್ಲಿವರೆಗೂ ಪ್ರತಿ ಆಟದ ಕಥೆ ಬೇರೆ, ಊರು ಬೇರೆ. ಕಥೆ ನೆಪಕ್ಕೆ ಮಾತ್ರ. ದೊಡ್ಡ ಮೃಗವನ್ನು ಹೊಡೆಯಬೇಕು, ಅದರ ಚರ್ಮ, ಕೋಡು, ಮೂಳೆ ತಂದು ಹೊಸ ಆಯುಧ, ಕವಚ ಮಾಡಿಸಿಕೊಳ್ಳಬೇಕು, ಆಮೇಲೆ ಇನ್ನೂ ದೊಡ್ಡದರ ಬೆನ್ನು ಹತ್ತಬೇಕು. ಅಷ್ಟೇ. ಹಾಗಾಗಿ 2025ರ ಫೆಬ್ರವರಿ 28ಕ್ಕೆ ಬಂದ ವೈಲ್ಡ್ಸ್‌ನಿಂದಲೇ ಶುರು ಮಾಡಬಹುದು.

ಆದರೆ ದುಡ್ಡು ಕೊಡುವ ಮೊದಲು ನಿಮ್ಮ ಮಷೀನ್ ನೋಡಿಕೊಳ್ಳಿ. ಈ ಆಟ ಭಾಳ ಭಾರ. ಪಿಸಿಯಲ್ಲಿ ಕನಿಷ್ಠ 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1660 ಮಟ್ಟದ ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಯಲ್ಲಿ 75 ಜಿಬಿ ಜಾಗ ಬೇಕು. ಅಷ್ಟಿದ್ದರೂ ಸಿಗುವುದು ಎಲ್ಲ ಸೆಟ್ಟಿಂಗ್ ಕೆಳಗಿಳಿಸಿದ ಮೇಲೆ ಸೆಕೆಂಡಿಗೆ 30 ಫ್ರೇಮ್ ಮಾತ್ರ. ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಇದರ ಬೆಂಚ್‌ಮಾರ್ಕ್ ಟೂಲ್, ಅಂದರೆ ಮಷೀನಿನ ತಾಕತ್ತು ಅಳೆಯುವ ಪ್ರೋಗ್ರಾಂ, ಪುಕ್ಕಟೆ ಇದೆ, ಮೊದಲು ಅದನ್ನು ಓಡಿಸಿ. ಅದೇ ತಡವರಿಸಿದರೆ ಆಟವೂ ತಡವರಿಸುತ್ತದೆ. ಕೊಂಡ ಮೇಲೂ ಒಂದು ದಾರಿ ಇದೆ: 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ. ಆದರೆ ಮೊದಲ ಸಲ ಆಟ ತೆರೆದಾಗ ಶೇಡರ್ (ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಂಗಳು) ಸಿದ್ಧವಾಗಲು ಹೊತ್ತು ಹಿಡಿಯುತ್ತದೆ, ಆ ಹೊತ್ತೂ ಈ ಎರಡು ಗಂಟೆಯಲ್ಲೇ ಹೋಗಬಹುದು, ಜೊತೆಗೆ ನೀವು ಹೀರೋನ ಮೂಗು, ಹುಬ್ಬು ತಿದ್ದುತ್ತಾ ಅರ್ಧ ಗಂಟೆ ಕೂತರೆ ಬೇಟೆ ನೋಡುವ ಮೊದಲೇ ಸಮಯ ಮುಗಿದಿರುತ್ತದೆ.

ನಮ್ಮ ಕಡೆ ಇನ್ನೆರಡು ತಾಪತ್ರಯ ಇವೆ, ಬಿಸಿಲು ಮತ್ತು ಕರೆಂಟು. ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಇದನ್ನು ಹಚ್ಚಿದರೆ ಫ್ಯಾನ್ ಕಿರುಚುತ್ತದೆ, ಮಷೀನ್ ಬಿಸಿಯಾಗಿ ತಾನೇ ನಿಧಾನವಾಗುತ್ತದೆ. ಫ್ರೇಮ್ ಮಿತಿ 30ಕ್ಕೆ ಇಡಿ, ಹಿಂಭಾಗ ಸ್ವಲ್ಪ ಎತ್ತರಿಸಿ, ಆದಷ್ಟು ರಾತ್ರಿ ಆಡಿ. ಬೇಟೆ ಅರ್ಧಕ್ಕೆ ಬಂದಾಗ ಕರೆಂಟ್ ಹೋಗಿ ಪಿಸಿ ಆಫ್ ಆದರೆ ಆ ಬೇಟೆ ಹೋದಂತೆಯೇ, ಮತ್ತೆ ಮೊದಲಿನಿಂದ. ಯುಪಿಎಸ್ ಇಲ್ಲದವರು ಕರೆಂಟ್ ಹೋಗುವ ಹೊತ್ತು ನೋಡಿಕೊಂಡು ಕೂತುಕೊಳ್ಳಿ.

ಮಷೀನ್ ಹಳೇದಾ? ಹಾಗಾದರೆ ಸುಮ್ನೆ ಇದೇ ಸರಣಿಯ ಮಾನ್‌ಸ್ಟರ್ ಹಂಟರ್ ರೈಸ್ ತಗೊಳ್ಳಿ. 2021ರಲ್ಲಿ ನಿಂಟೆಂಡೊ ಸ್ವಿಚ್‌ಗೆ, 2022ರ ಜನವರಿಯಲ್ಲಿ ಪಿಸಿಗೆ ಬಂದ ಆಟ, 8 ಜಿಬಿ ರ‍್ಯಾಮ್‌ನಲ್ಲೂ ಓಡುತ್ತದೆ, ಸೇಲ್ ಬಂದಾಗ ಭಾಳ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಬೇಟೆಗೆ ಜೊತೆಯಾಗಿ ಒಂದು ನಾಯಿ ಬರುತ್ತದೆ, ಅದರ ಬೆನ್ನೇರಿ ಓಡಬಹುದು. ಮುಧೋಳ ನಾಯಿ ನೋಡಿ ಬೆಳೆದ ಬಾಗಲಕೋಟೆಯವರಿಗೆ ಬೇಟೆನಾಯಿ ಬಗ್ಗೆ ನಾನೇನು ಹೇಳಲಿ!

ಈಗ ಆಟಕ್ಕೆ ಬರೋಣ. ಆಯುಧಗಳು ಒಟ್ಟು 14, ಒಂದೊಂದಕ್ಕೂ ಕೈ ಬೇರೆ. ಹೊಸಬರು ಸಾಮಾನ್ಯವಾಗಿ ದೊಡ್ಡ ಕತ್ತಿ ಗ್ರೇಟ್ ಸೋರ್ಡ್ ಕಡೆ ಓಡುತ್ತಾರೆ, ಎರಡು ಬೇಟೆ ಆದ ಮೇಲೆ ಇದು ನಿಧಾನ ಅಂತ ಗೊಣಗುತ್ತಾರೆ. ನನ್ನ ಕೇಳಿದರೆ ಸೋರ್ಡ್ ಅಂಡ್ ಶೀಲ್ಡ್ ಹಿಡಿಯಿರಿ. ಕೈ ಚುರುಕು, ಗುರಾಣಿ ಇದೆ, ಕತ್ತಿ ಒರೆಗೆ ಸೇರಿಸದೆಯೇ ಔಷಧ ಕುಡಿಯಬಹುದು. ಈ ಕೊನೆಯದರ ಬೆಲೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ವೈಲ್ಡ್ಸ್‌ನಲ್ಲಿ ಎರಡು ಆಯುಧ ಒಯ್ಯಬಹುದು, ಇನ್ನೊಂದು ಸೀಕ್ರೆಟ್ ಅನ್ನುವ ಸವಾರಿ ಹಕ್ಕಿಯ ಮೇಲಿರುತ್ತದೆ. ಅಲ್ಲಿ ಒಂದು ಬಿಲ್ಲು ಇಟ್ಟುಕೊಂಡರೆ ಹಾರುವ ಮೃಗಗಳಿಗೆ ಆಗುತ್ತದೆ.

ಯಾವ ಆಯುಧವಾದರೂ ಸರಿ, ರೊಟ್ಟಿ ಬಡಿದ ಹಾಗೆ ಪಟಪಟ ಬಟನ್ ಬಡಿದರೆ ನಡೆಯುವುದಿಲ್ಲ. ಬೀಸಿದ ಏಟು ಮುಗಿಯುವವರೆಗೆ ನಿಮ್ಮ ಹೀರೋ ಅದರಲ್ಲೇ ಸಿಕ್ಕಿಬಿದ್ದಿರುತ್ತಾನೆ, ಅಷ್ಟರಲ್ಲಿ ಮೃಗದ ಬಾಲ ಬರುತ್ತದೆ. ಮೊದಲ ದೊಡ್ಡ ಬೇಟೆ ಚಾಟಕಾಬ್ರಾ, ಕಪ್ಪೆಯಂಥ ಮೃಗ. ಅದನ್ನು ಬೇಗ ಮುಗಿಸಲು ಹೋಗಬೇಡಿ. ಒಂದೆರಡು ನಿಮಿಷ ಏಟು ಹಾಕದೆ ಸುತ್ತಲೂ ಓಡಾಡಿ ನೋಡಿ. ಅದು ಜೊಲ್ಲಿನಿಂದ ಮುಂಗಾಲಿಗೆ ಕಲ್ಲು ಅಂಟಿಸಿಕೊಳ್ಳುತ್ತದೆ, ಮೈ ಎತ್ತಿ ನಿಂತು ಆ ಕಾಲನ್ನು ನೆಲಕ್ಕೆ ಅಪ್ಪಳಿಸುತ್ತದೆ. ಎತ್ತಿದಾಗಲೇ ಪಕ್ಕಕ್ಕೆ ಉರುಳಿದರೆ ನೀವು ಅದರ ಹೊಟ್ಟೆ ಹತ್ತಿರ ಇರುತ್ತೀರಿ, ಅಪ್ಪಳಿಸಿದ ಮೇಲೆ ಅದು ಮತ್ತೆ ಸುಧಾರಿಸಿಕೊಳ್ಳುವಷ್ಟರಲ್ಲಿ ಎರಡು ಏಟು ಹಾಕಬಹುದು. ಎರಡೇ. ಮೂರನೆಯದಕ್ಕೆ ಆಸೆ ಪಟ್ಟರೆ ನಾಲಿಗೆಯ ಏಟು ಗ್ಯಾರಂಟಿ. ಮೃಗಕ್ಕೆ ಎಷ್ಟು ಜೀವ ಉಳಿದಿದೆ ಅಂತ ತೋರಿಸುವ ಪಟ್ಟಿ ಈ ಸರಣಿಯಲ್ಲಿ ಇರುವುದಿಲ್ಲ. ಕುಂಟುತ್ತಾ ಗೂಡಿಗೆ ಓಡಿದರೆ, ಮ್ಯಾಪಿನಲ್ಲಿ ಅದರ ಗುರುತಿನ ಪಕ್ಕ ತಲೆಬುರುಡೆ ಕಂಡರೆ, ಕೊನೆಗೆ ಬಂತು ಅಂತ ತಿಳಿಯಬೇಕು. ಆಗ ಶಾಕ್ ಟ್ರ್ಯಾಪ್ (ಕರೆಂಟ್ ಬಲೆ) ಇಟ್ಟು ಅದರೊಳಗೆ ಸಿಕ್ಕ ಮೃಗಕ್ಕೆ ಎರಡು ಟ್ರ್ಯಾಂಕ್ ಬಾಂಬ್ (ಮಂಪರು ಬರಿಸುವ ಬಾಂಬ್) ಎಸೆದರೆ ಜೀವಂತ ಸೆರೆ, ಬೇಟೆ ಅಲ್ಲಿಗೇ ಮುಗಿಯಿತು.

ವೈಲ್ಡ್ಸ್‌ನ ಹೊಸ ವಿಷಯ ಗಾಯ. ಒಂದೇ ಜಾಗಕ್ಕೆ ಹೊಡೆಯುತ್ತಾ ಹೋದರೆ ಅಲ್ಲಿ ಗಾಯ ತೆರೆದುಕೊಳ್ಳುತ್ತದೆ. ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ಎಲ್2 ಒತ್ತಿ ಹಿಡಿದರೆ ಫೋಕಸ್ ಮೋಡ್, ಗಾಯ ಕೆಂಪಗೆ ಮಿನುಗುತ್ತದೆ. ಆಗಲೇ ಆರ್1 ಒತ್ತಿದರೆ ಫೋಕಸ್ ಸ್ಟ್ರೈಕ್, ಗಾಯ ಒಡೆದು ಮೃಗ ತತ್ತರಿಸುತ್ತದೆ, ಅದರ ಮೈಯ ಸಾಮಾನು ಕೈಗೆ ಬರುತ್ತದೆ. ಇದನ್ನು ಕ್ಯಾಂಪಿನ ಟ್ರೇನಿಂಗ್ ಏರಿಯಾದಲ್ಲಿ ಸ್ವಲ್ಪ ಹೊತ್ತು ಕೈಗೆ ಕೂರಿಸಿಕೊಂಡೇ ಹೊರಡಿ.

ಬೇಟೆಗೆ ಮೊದಲು ಉಣ್ಣದೆ ಹೋಗಬೇಡಿ. ಊಟ ಮಾಡಿದರೆ ಜೀವ ಮತ್ತು ದಮ್ಮು ಎರಡೂ ಏರುತ್ತವೆ. ಆಯುಧದ ಮೊನೆ ಮೊಂಡಾದರೆ ಸೀಕ್ರೆಟ್ ಹತ್ತಿ ಕೂತೇ ಮಸೆಯಿರಿ. ಏಟು ತಿಂದು ನೆಲಕ್ಕೆ ಬಿದ್ದಾಗಲೂ ಅದನ್ನೇ ಕರೆಯಿರಿ, ಬಂದು ಎತ್ತಿಕೊಂಡು ಹೋಗುತ್ತದೆ. ಎಷ್ಟೋ ಜನ ಇದನ್ನು ಬರೀ ಗಾಡಿ ಅಂದುಕೊಂಡಿರುತ್ತಾರೆ. ಮೂರು ಸಲ ಪ್ರಜ್ಞೆ ತಪ್ಪಿದರೆ ಸಾಮಾನ್ಯವಾಗಿ ಬೇಟೆ ವಿಫಲ, ಹಾಗಾಗಿ ಎರಡನೇ ಸಲ ಬಿದ್ದ ಮೇಲೆ ಬೇರೆ ಬೇಟೆಗಾರರನ್ನು ನೆರವಿಗೆ ಕರೆಯುವ ಎಸ್‌ಒಎಸ್ ಹಾರಿಸಲು ನಾಚಿಕೆ ಬೇಡ. ನೆಟ್ ಕೈಕೊಟ್ಟರೂ ಆಟದೊಳಗಿನ ಬೇಟೆಗಾರರು ಬಂದು ನೆರವಾಗುತ್ತಾರೆ.

ಗೆಳೆಯರ ಜೊತೆ ಆಡುವುದಾದರೆ ನಾಲ್ಕು ಜನ ಸೇರಬಹುದು. ಬೆಳಗಾವಿಯಲ್ಲಿರುವವನ ಹತ್ತಿರ ಪಿಎಸ್5, ನಿಮ್ಮ ಹತ್ತಿರ ಪಿಸಿ ಇದ್ದರೂ ನಡೆಯುತ್ತದೆ. ಆದರೆ ಕಥೆಯ ಬೇಟೆಗಳಲ್ಲಿ ಕಿರಿಕಿರಿ ಇದೆ: ದೃಶ್ಯಗಳನ್ನು ಒಬ್ಬೊಬ್ಬರೇ ನೋಡಿ ಮುಗಿಸಬೇಕು, ಬೇಟೆ ಶುರುವಾದ ಮೇಲಷ್ಟೇ ಬೇರೆಯವರು ಒಳಗೆ ಬರಬಹುದು. ಇಷ್ಟು ಹಳೇ ಸರಣಿಯಲ್ಲಿ ಇನ್ನೂ ಇದನ್ನು ಸರಿ ಮಾಡದಿರುವುದು ನನಗಂತೂ ಅರ್ಥವಾಗುವುದಿಲ್ಲ.

ಕಥೆಯ ಮೊದಲ ಮೂರು ಅಧ್ಯಾಯ ಸುಲಭದ ಹಂತ, ಲೋ ರ‍್ಯಾಂಕ್. ಮಾತು ಜಾಸ್ತಿ, ಹಕ್ಕಿ ಮೇಲೆ ಕೂತು ಊರು ನೋಡುವುದು ಜಾಸ್ತಿ, ಬೇಟೆ ಸಲೀಸು. ಅದರ ಕೊನೆಗೆ ಸಿನಿಮಾದಂತೆ ತಯಾರಕರ ಹೆಸರುಗಳು ತೆರೆಯ ಮೇಲೆ ಬಂದಾಗ ಆಟ ಮುಗಿಯಿತು ಅಂತ ಅನ್‌ಇನ್‌ಸ್ಟಾಲ್ ಮಾಡಬೇಡಿ, ಕಷ್ಟದ ಹಂತವಾದ ಹೈ ರ‍್ಯಾಂಕ್ ಶುರುವಾಗುವುದೇ ನಾಲ್ಕನೇ ಅಧ್ಯಾಯದಿಂದ. ಕವಚ ಕೊಡುವ ವಿಶೇಷ ಶಕ್ತಿಗಳ, ಅಂದರೆ ಸ್ಕಿಲ್‌ಗಳ ಲೆಕ್ಕ ಹಾಕುವ ಕೆಲಸವೂ ಅಲ್ಲಿಂದಲೇ. ಅಲ್ಲಿವರೆಗೆ ಒಂದೇ ಕವಚ ಪೂರ್ತಿ ಮಾಡಿಸಲು ಅದೇ ಮೃಗವನ್ನು ಮತ್ತೆ ಮತ್ತೆ ಹೊಡೆಯುತ್ತಾ ಕೂರಬೇಡಿ. ಆಯುಧ ಮಾತ್ರ ಏರಿಸಿಕೊಳ್ಳಿ, ಮೈಮೇಲೆ ಸಿಕ್ಕಿದ್ದು ಹಾಕಿಕೊಂಡು ಮುಂದೆ ನಡೆಯಿರಿ.